ರೇಸ್ ಕಾರಿನ ವಿಮರ್ಶೆಯೂ ಬಸ್ಸಿನ ದಸ್ತಿಯೂ

ನಾನು ಇದುವರೆಗೆ ಗಟ್ಟಿ ದನಿಯಲ್ಲಿ ವಾದ ಮಾಡಿದ ವಿಷಯಗಳನ್ನೆಲ್ಲ ಒಮ್ಮೆ ಕುಳಿತು ನೆನಪಿಸಿಕೊಂಡೆ. ಅವುಗಳಲ್ಲಿ ಒಂದರ ಬಗ್ಗೆಯೂ ನನಗೆ ನೆಟ್ಟಗೆ ಗೊತ್ತಿರಲಿಲ್ಲ. ಗೊತ್ತಿರುವ ವಿಷಯದಲ್ಲಿ ನಾನು ಬಹಳ ಮೆತ್ತಗಿನ ಮನುಷ್ಯ. ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಟಪಾಲು ನೋಡಿಕೊಳ್ಳುತ್ತಿದ್ದೇನೆ. ಟಪಾಲಿನ ವಿಷಯದಲ್ಲಿ ಯಾರಾದರೂ ಎದುರು ಮಾತಾಡಿದರೆ ಇರಬಹುದು, ನೋಡೋಣ ಎಂದು ತಲೆಯಾಡಿಸಿ ಸುಮ್ಮನಾಗುತ್ತೇನೆ. ಆದರೆ ಸಮುದ್ರದ ಆಳ, ಯುದ್ಧವಿಮಾನ, ಯಾವುದೋ ದೇಶದ ಚುನಾವಣೆ ಎಂದರೆ ಸಾಕು, ಕುತ್ತಿಗೆಯ ನರ ಉಬ್ಬುತ್ತದೆ. ಹಾಗಾಗಿ ನಾನು ಒಂದು ವಿದೇಶಿ ರೇಸ್ ಕಾರಿನ ಸಲುವಾಗಿ ಇಪ್ಪತ್ತು ವರ್ಷದ ಸ್ನೇಹವನ್ನು ಮುರಿದುಕೊಳ್ಳುವ ಹಂತಕ್ಕೆ ಹೋಗಿದ್ದೆ ಎಂದರೆ ನನ್ನನ್ನು ಬಲ್ಲವರು ಆಶ್ಚರ್ಯಪಡುವುದಿಲ್ಲ. ನನಗೆ ಕಾರು ನಡೆಸಲು ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಲಿಯಲು ಹೋಗಿದ್ದು ನಿಜ. ಸಿಂಧನೂರಿನ ಹೊರಗಿನ ಒಂದು ಬಯಲಿನಲ್ಲಿ ನಾಲ್ಕನೆಯ ದಿನ ಕಾರನ್ನು ಮುಂದಕ್ಕೆ ಬಿಡುವ ಬದಲು ಹಿಂದಕ್ಕೆ ಬಿಟ್ಟೆ. ಕಲಿಸುವವನ ಕೈಯಲ್ಲಿದ್ದ ಚಹಾ ಅವನ ಅಂಗಿಯ ಮೇಲೆ ಬಿತ್ತು. ಐದನೆಯ ದಿನ ಹೋದರೆ, ಅವರು ಊರಲ್ಲಿಲ್ಲ ಎಂದು ಅವನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ಒಳಗೆ ಅವನ ಕೆಮ್ಮು ಕೇಳುತ್ತಿತ್ತು. ಅಂದಿನಿಂದ ನನ್ನದು ಸ್ಕೂಟರೇ. ಅದೂ ಮನೆಯಿಂದ ಬಸ್ ನಿಲ್ದಾಣದವರೆಗೆ, ಅದೂ ನಲವತ್ತರ ಮೇಲೆ ಮುಳ್ಳು ಏರದಂತೆ.

ನನ್ನ ಮನೆ ಸಿಂಧನೂರಿನಲ್ಲಿ, ಕಚೇರಿ ಲಿಂಗಸುಗೂರಿನಲ್ಲಿ. ನಡುವೆ ಮಸ್ಕಿ. ಮಸ್ಕಿಯಲ್ಲಿ ಅಮರೇಶಪ್ಪನ ಮನೆ. ಅವನು ನನ್ನ ಎದುರಿನ ಟೇಬಲ್ಲಿನವನು, ನನಗಿಂತ ಮೂರು ವರ್ಷ ದೊಡ್ಡವನು, ಎತ್ತರದ ಆಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ನಾನು ಅವನನ್ನು ಅಮರೇಶಣ್ಣ ಎನ್ನುತ್ತೇನೆ, ಅವನು ನನ್ನನ್ನು ದೇವೇಂದ್ರ ಎನ್ನುತ್ತಾನೆ. ನಮ್ಮಿಬ್ಬರ ನಡುವಿನ ಒಪ್ಪಂದ ದಸ್ತಿಯ ಮೇಲೆ ನಿಂತಿದೆ. ಕರವಸ್ತ್ರಕ್ಕೆ ನಮ್ಮ ಕಡೆ ದಸ್ತಿ ಎನ್ನುತ್ತಾರೆ. ಬಸ್ಸಿನ ಸೀಟಿನ ಮೇಲೆ ದಸ್ತಿ ಬಿದ್ದಿತೆಂದರೆ ಆ ಸೀಟು ನೋಂದಣಿಯಾದಂತೆಯೇ. ಎಂಥ ಜಗಳಗಂಟನೂ ಅದನ್ನು ಎತ್ತಿ ಒಗೆಯುವ ಮುನ್ನ ಒಂದು ಸಲ ಯಾರದ್ರೀ ಇದು ಎಂದು ಕೇಳಿಯೇ ಕೇಳುತ್ತಾನೆ. ಬೆಳಿಗ್ಗೆ ಸಿಂಧನೂರಿನಲ್ಲಿ ನಾನು ಹತ್ತಿ ಪಕ್ಕದ ಸೀಟಿಗೆ ದಸ್ತಿ ಹಾಸಿ, ಮಸ್ಕಿ ಬರುವವರೆಗೆ ಅದನ್ನು ಕಾಯುತ್ತೇನೆ. 'ಬರ್ತಾರ್ರೀ, ಚಹಾ ಕುಡಿಯಾಕ ಇಳದಾರ' ಎಂದು ದಿನಾ ಸುಳ್ಳು ಹೇಳುತ್ತೇನೆ. ಸಂಜೆ ಲಿಂಗಸುಗೂರಿನಲ್ಲಿ ಬಸ್ಸು ಬಂದು ನಿಲ್ಲುವ ಜಾಗವನ್ನು ಗೇಣು ಲೆಕ್ಕದಲ್ಲಿ ಬಲ್ಲ ಅಮರೇಶಪ್ಪ, ತನ್ನ ಉದ್ದ ಕೈಯನ್ನು ಕಿಟಕಿಯೊಳಗೆ ಚಾಚಿ ಇಬ್ಬರ ಸಲುವಾಗಿ ದಸ್ತಿ ಎಸೆಯುತ್ತಾನೆ. ಎರಡು ವರ್ಷದಿಂದ ಅವನ ಬಲ ಮೊಣಕಾಲು ನೋಯುತ್ತದೆ. ಆದ್ದರಿಂದ ಬೆಳಗಿನ ದಸ್ತಿ ಬರಿಯ ಸ್ನೇಹವಾಗಿ ಉಳಿದಿರಲಿಲ್ಲ, ಅವನ ಕಾಲಿಗೆ ಔಷಧವೂ ಆಗಿತ್ತು.

ಇನ್ನು ಪತ್ರಿಕೆಯ ಸಂಗತಿ. ನಮ್ಮ ಕಚೇರಿಗೆ ಎರಡು ಕನ್ನಡ ಪತ್ರಿಕೆ ಬರುತ್ತವೆ. ಓದುವವರು ಒಂಬತ್ತು ಮಂದಿ. ಇದಕ್ಕೆ ನಮ್ಮ ಅಟೆಂಡರ್ ಶರಣಮ್ಮ ಒಂದು ಪದ್ಧತಿ ಮಾಡಿದ್ದಾಳೆ. ಬೆಳಿಗ್ಗೆ ಬಂದವಳೇ ಎರಡೂ ಪತ್ರಿಕೆಗಳ ಹಾಳೆಗಳನ್ನು ಬಿಡಿಸಿ, ಟೇಬಲ್ಲಿಗೆ ಒಂದರಂತೆ ಹಂಚಿಬಿಡುತ್ತಾಳೆ. ಹಿಂದಿನಿಂದಲೂ ಹೊರಗಿನ ಹಾಳೆ ಬಂದವನಿಗೆ ಹೊರಗಿನದೇ, ಒಳಗಿನದು ಬಂದವನಿಗೆ ಒಳಗಿನದೇ. ಬೇರೆಯವರ ಹಾಳೆ ಬೇಕಾದರೆ ಎದ್ದು ಹೋಗಿ ಕೇಳಬೇಕು. ಸರ್ಕಾರಿ ನೌಕರಿಯಲ್ಲಿ ಎದ್ದು ಹೋಗುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಹೀಗಾಗಿ ನಮ್ಮ ಕಚೇರಿಯಲ್ಲಿ ಒಬ್ಬನಿಗೆ ಕ್ರಿಕೆಟ್ ಮಾತ್ರ ಗೊತ್ತು, ಇನ್ನೊಬ್ಬನಿಗೆ ನಿಧನವಾರ್ತೆ ಮಾತ್ರ ಗೊತ್ತು.

ಆ ಸೋಮವಾರ ನನ್ನ ಪಾಲಿಗೆ ಬಂದ ಪುರವಣಿಯ ಹಾಳೆಯಲ್ಲಿ ಒಂದು ಕಾರಿನ ವಿಮರ್ಶೆಯಿತ್ತು. ಅದು ರೇಸಿನ ಮೈದಾನಕ್ಕೆಂದೇ ಮಾಡಿದ ಕಾರು, ಆದರೆ ನಂಬರ್ ಪ್ಲೇಟ್ ಹಾಕಿ ಊರ ರಸ್ತೆಯಲ್ಲೂ ಓಡಿಸಬಹುದು. ಪೆಟ್ರೋಲ್ ಇಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಹಿಂದೆ ಮಂಚದಗಲದ ಒಂದು ರೆಕ್ಕೆ. ಭಾರ ಕಡಿಮೆಯಾಗಲೆಂದು ಒಳಗೆ ಚಾಪೆಯಿಲ್ಲ, ಬಾಗಿಲು ಎಳೆದುಕೊಳ್ಳಲು ಹಿಡಿಕೆಯ ಬದಲು ಒಂದು ಪಟ್ಟಿ. ಮೂರು ಎಣಿಸುವುದರೊಳಗೆ ನೂರರ ವೇಗ ಮುಟ್ಟುತ್ತದೆ, ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡೇ ಹೋಗುತ್ತದೆ, ಚಾಲಕನ ಮನಸ್ಸು ಅವನಿಗಿಂತ ಮೊದಲೇ ಕಾರಿಗೆ ತಿಳಿಯುತ್ತದೆ ಎಂದು ಬರೆದವನು ಮೈಮರೆತು ಹೊಗಳಿದ್ದ. ಓದಿ ನನಗೆ ರೋಮಾಂಚನವಾಯಿತು. ಆ ಕಾರು ನನ್ನದೇ ಅನ್ನಿಸಿಬಿಟ್ಟಿತು.

ಸಂಜೆ ಬಸ್ಸಿನಲ್ಲಿ ಅಮರೇಶಪ್ಪನಿಗೆ ಹೇಳಿದರೆ, ಅವನೂ ಆ ಕಾರಿನ ಬಗ್ಗೆ ಅಂದೇ ಓದಿದ್ದ. ಆದರೆ ಅವನ ಪತ್ರಕರ್ತ ಬೇರೆಯೇ ಹೇಳಿದ್ದನಂತೆ. ರಸ್ತೆಯ ಪ್ರತಿಯೊಂದು ಹರಳೂ ಬೆನ್ನುಹುರಿಗೆ ಬಡಿಯುತ್ತದೆ, ರೆಕ್ಕೆಯ ದೆಸೆಯಿಂದ ಹಿಂದಿನದೇನೂ ಕಾಣುವುದಿಲ್ಲ, ಒಂದು ಚೀಲ ಇಡಲು ಜಾಗವಿಲ್ಲ, ಒಳಗೆ ಎಷ್ಟು ಸದ್ದೆಂದರೆ ಪಕ್ಕದವನ ಮಾತು ಕೇಳುವುದಿಲ್ಲ ಎಂದು ಬೈದಿದ್ದನಂತೆ.

"ಇಬ್ಬರು ಕುಂತು ಮಾತಾಡಾಕ ಬರಲಾರದ ಗಾಡ್ಯಾಗ ಹೋಗಿ ಏನ್ ಮಾಡೋದೋ ದೇವೇಂದ್ರ?" ಎಂದ ಅಮರೇಶಪ್ಪ.

ಇದು ಒಳ್ಳೆಯ ಮಾತೇ ಆಗಿತ್ತು. ಆದರೆ ನನ್ನ ಕುತ್ತಿಗೆಯ ನರ ಆಗಲೇ ಉಬ್ಬಿತ್ತು. ನಾನು ನನ್ನ ಪತ್ರಕರ್ತನನ್ನು ಎತ್ತಿ ಹಿಡಿದೆ, ಅವನು ತನ್ನ ಪತ್ರಕರ್ತನನ್ನು ಎತ್ತಿ ಹಿಡಿದ. ನಿನ್ನವ ಕಂಪನಿಯವರ ಊಟ ಉಂಡು ಬರೆದಿರಬೇಕು ಎಂದು ಅವನು ನಗುತ್ತಲೇ ಅಂದ. ನಾನು ನಗಲಿಲ್ಲ. ಇಡೀ ಬಸ್ಸು ಕೇಳುವಂತೆ, "ನಡ ಹೋದವರು, ಮೊಣಕಾಲು ಹೋದವರು ಕಾರಿನ ಬಗ್ಗೆ ಮಾತಾಡಬಾರದು" ಎಂದೆ.

ನಾನು ಅಂದದ್ದು ಆ ಪತ್ರಕರ್ತನಿಗೆ. ಆದರೆ ಆ ಹೊತ್ತಿಗೆ ಅಮರೇಶಪ್ಪ ಎಂದಿನಂತೆ ತನ್ನ ಬಲ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಅವನ ಕೈ ಅಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಸ್ಕಿ ಬಂದಾಗ ಅವನು ಎದ್ದು, "ಬರ್ತೀನ್ರೀ ದೇವೇಂದ್ರಪ್ಪನವರ" ಎಂದು ಇಳಿದುಹೋದ. ಇಪ್ಪತ್ತು ವರ್ಷದಲ್ಲಿ ಅವನು ನನಗೆ ರೀ ಹಚ್ಚಿದ್ದು ಅದೇ ಮೊದಲು. ಬೈದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ದಸ್ತಿಯನ್ನು ಜೇಬಿನಿಂದ ಅರ್ಧ ತೆಗೆದೆ. ಮೊದಲು ಅವನು ಮಾತಾಡಲಿ ಎಂದು ಮತ್ತೆ ಒಳಗೆ ತುರುಕಿದೆ. ಮಸ್ಕಿಯಲ್ಲಿ ಅವನು ಹತ್ತಿದ, ನನ್ನ ಪಕ್ಕ ಯಾರೋ ಕುಳಿತದ್ದನ್ನು ನೋಡಿದ, ಮೇಲಿನ ಕಂಬಿ ಹಿಡಿದು ನಿಂತ. ಸಂಜೆ ಅವನ ದಸ್ತಿ ಒಂದೇ ಸೀಟಿಗೆ ಬಿತ್ತು. ನಾನು ಮಸ್ಕಿಯವರೆಗೆ ನಿಂತೆ. ಅಲ್ಲಿ ಅವನು ಇಳಿಯುವಾಗ ಬಹಳ ನಿಧಾನ ಮಾಡಿದ. ಎದ್ದರೂ ತನ್ನ ಚೀಲವನ್ನು ಸೀಟಿನ ಮೇಲೆಯೇ ಬಿಟ್ಟು ಅಂಗಿ ಸರಿಮಾಡಿಕೊಂಡ, ಚಪ್ಪಲಿ ಸರಿಮಾಡಿಕೊಂಡ. ಅಷ್ಟರಲ್ಲಿ ನಾನು ಹತ್ತಿರ ಬಂದಿದ್ದರಿಂದ ಆ ಸೀಟು ನನಗೇ ಸಿಕ್ಕಿತು. ಮೊಣಕಾಲಿನ ದೆಸೆಯಿಂದ ತಡವಾಯಿತು ಎಂದುಕೊಂಡೆ. ದಿನಾ ಹೀಗೇ ಆಯಿತು, ದಿನಾ ನಾನು ಹಾಗೇ ಅಂದುಕೊಂಡೆ.

ಮನೆಯಲ್ಲಿ ನಾನು ಫೋನು ಹಿಡಿದು ಆ ಕಾರಿನ ಬಗ್ಗೆ ಯಾವ ಯಾವ ದೇಶದವರು ಏನೇನು ಬರೆದಿದ್ದಾರೆಂದು ಹುಡುಕಲು ಕುಳಿತೆ. ಇಂಗ್ಲಿಷಿನಲ್ಲಿದ್ದುದನ್ನು ಫೋನೇ ಕನ್ನಡ ಮಾಡಿಕೊಡುತ್ತಿತ್ತು. ಹೊಗಳಿದ್ದು ಸಿಕ್ಕರೆ ಬರೆದುಕೊಂಡೆ, ತೆಗಳಿದ್ದು ಸಿಕ್ಕರೆ ಅನುವಾದ ಸರಿಯಿಲ್ಲ ಎಂದು ಮುಂದೆ ಹೋದೆ. ನನ್ನ ಹೆಂಡತಿ ಸುಜಾತ ಕೆಲವು ದಿನ ನೋಡಿದಳು. ನಮ್ಮ ಹಾಲಿನ ಗೋಡೆಯ ಮೇಲೆ ಬುದ್ಧನ ದೊಡ್ಡ ಪಟವಿದೆ. ನಾನು ಕೂರುವುದು ಅದರ ಕೆಳಗೇ.

"ಅವರು ಮ್ಯಾಲೆ ಅಷ್ಟು ಶಾಂತ ಕುಂತಾರ, ನೀವು ಕೆಳಗ ಕುಂತು ಕಾರಿನ ಸಲುವಾಗಿ ಹಲ್ಲು ಕಡಿಯಾಕತ್ತೀರಿ" ಎಂದಳು ಅವಳು. "ಅಮರೇಶಣ್ಣನ ಮೊಣಕಾಲು ಹ್ಯಾಂಗದ ಅಂತ ಒಂದು ಫೋನ್ ಮಾಡಿ ಕೇಳ್ರಿ."

ಕೇಳುತ್ತೇನೆ ಎಂದೆ. ಕೇಳಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಆ ನಾಚಿಕೆಯನ್ನು ನಾನು ಸಿಟ್ಟು ಎಂದು ಕರೆದುಕೊಳ್ಳುತ್ತಿದ್ದೆ.

ಪಕ್ಕದ ಸೀಟಿಗೆ ದಸ್ತಿ ಬೀಳದಿದ್ದರಿಂದ ಅಲ್ಲಿ ಯಾರು ಬೇಕಾದರೂ ಬಂದು ಕೂರತೊಡಗಿದರು. ಒಂದು ದಿನ ವಳಕಮದಿನ್ನಿಯ ರೈತರೊಬ್ಬರು ಕುಳಿತರು; ಪಹಣಿ ತಿದ್ದುಪಡಿಗೆಂದು ಲಿಂಗಸುಗೂರಿನಲ್ಲಿ ಯಾರನ್ನೋ ಕಾಣಲು ಹೊರಟಿದ್ದರು. ಅಮರೇಶಪ್ಪ ಎರಡು ಹೆಜ್ಜೆ ಆಚೆ ನಿಂತಿದ್ದ. ಅವನಿಗೆ ಕೇಳಲೆಂದೇ ನಾನು ಆ ರೈತರಿಗೆ ಕಾರಿನ ಕತೆಯನ್ನೆಲ್ಲ ಗಟ್ಟಿಯಾಗಿ ಹೇಳಿದೆ. ವಿರೋಧದ ವಾದವನ್ನೂ ಹೇಳಿದೆ, ಸ್ವಲ್ಪ ಸೊಟ್ಟಗೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಕಾಲುವೆ ನೀರಿನ ಭತ್ತದ ಗದ್ದೆಯವರಿಗೆ ಕೇಜ್‌ವೀಲ್ ಗೊತ್ತು. ಕೆಸರು ಉಳಲು ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಗಾಲಿ ಅದು.

"ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಇದ್ದಂಗ ಐತಿ ಬಿಡ್ರೀ" ಎಂದರು. "ರಾಡ್ಯಾಗ ಅದರಂಥದ್ದು ಇಲ್ಲ. ಡಾಂಬರಿಗೆ ಬಂತಂದ್ರ ರೋಡೂ ಹಾಳು, ನಡನೂ ಹಾಳು."

ಮೊದಲ ಮಾತಿಗೆ ನಾನು ಅಮರೇಶಪ್ಪನ ಕಡೆ ನೋಡಿ ತಲೆಯಾಡಿಸಿದೆ. ಎರಡನೆಯ ಮಾತಿಗೆ ಅವನು ಕಿಟಕಿಯ ಕಡೆ ನೋಡುತ್ತ ತಲೆಯಾಡಿಸಿದ. ಒಬ್ಬನೇ ಮನುಷ್ಯ ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದ್ದ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಮುಂದೆ ಒಂದು ರಸ್ತೆ ಉಬ್ಬಿನಲ್ಲಿ ಬಸ್ಸು ಎಗರಿತು. ಅಮರೇಶಪ್ಪ ಕಂಬಿ ಹಿಡಿದವನು ಹಲ್ಲು ಕಚ್ಚಿದ್ದು ನನಗೆ ಕಂಡಿತು. ಆ ರೈತರು ಎದ್ದು ತಮ್ಮ ಜಾಗ ಬಿಟ್ಟುಕೊಡಲು ಹೋದರು. ಅವನು ಬ್ಯಾಡ್ರೀ ಎಂದ. ಅಂದಿಡೀ ದಿನ ನನಗೆ ಟಪಾಲಿನ ಮೇಲೆ ಮನಸ್ಸು ನಿಲ್ಲಲಿಲ್ಲ.

ಇದೆಲ್ಲ ಶುರುವಾಗಿ ಹದಿನೇಳನೆಯ ದಿನ ಶರಣಮ್ಮ ಅಂಚೆ ಕಚೇರಿಗೆ ಹೋಗಿದ್ದಳು. ನೀರು ಕುಡಿಯಲು ಗ್ಲಾಸು ಬೇಕಾಗಿ ನಾನೇ ಎದ್ದು ಅವಳ ಕಪಾಟು ತೆಗೆದೆ. ಗ್ಲಾಸಿನ ಕೆಳಗೆ ನನ್ನ ಕಾರು ನಿಂತಿತ್ತು. ಹಳೆಯ ಪುರವಣಿಯ ಹಾಳೆಗಳನ್ನು ಅವಳು ಕಪಾಟಿನ ಹಲಗೆಯ ಉದ್ದಕ್ಕೂ ಒಂದರ ಪಕ್ಕ ಒಂದು ಹಾಸಿದ್ದಳು. ಎಡಗಡೆ ನಾನು ಓದಿದ ಹಾಳೆ. ಅದರ ತುದಿಯಲ್ಲಿ, ಬೀಜದ ಕಂಪನಿಯ ಜಾಹೀರಾತಿನ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಮುಂದಿನ ಪುಟಕ್ಕೆ' ಎಂದಿತ್ತು. ಬಲಗಡೆಯ ಹಾಳೆಯ ತಲೆಯ ಮೇಲೆ ಅಷ್ಟೇ ಸಣ್ಣದಾಗಿ 'ಹಿಂದಿನ ಪುಟದಿಂದ' ಎಂದಿತ್ತು. ಅದರ ಕೆಳಗೆ ಬೆನ್ನುಹುರಿ, ರೆಕ್ಕೆ, ಚೀಲ, ಸದ್ದು ಎಲ್ಲವೂ ಇದ್ದವು. ಕೊನೆಯಲ್ಲಿ ಒಬ್ಬನೇ ಲೇಖಕನ ಹೆಸರು. ಅವನು ಬೆಳಿಗ್ಗೆ ಮೈದಾನದಲ್ಲಿ ಓಡಿಸಿ ಹೊಗಳಿದ್ದ, ಮಧ್ಯಾಹ್ನ ಅದೇ ಕಾರನ್ನು ಹಳ್ಳಿಯ ರಸ್ತೆಗೆ ತಂದು ನರಳಿದ್ದ. ಕಂಪನಿಯ ಊಟ ಉಂಡವನೂ ನಡ ಹೋದವನೂ ಒಬ್ಬನೇ ಆಗಿದ್ದ. ನಾನು ಗ್ಲಾಸುಗಳನ್ನು ಒಂದೊಂದಾಗಿ ಎತ್ತಿಟ್ಟು, ಎರಡೂ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ. ನೀರು ಕುಡಿಯುವುದು ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಸಿಂಧನೂರಿನಲ್ಲಿ ಪಕ್ಕದ ಸೀಟಿಗೆ ದಸ್ತಿ ಹಾಸಿದೆ. ದಾರಿಯುದ್ದಕ್ಕೂ ಐದು ಜನಕ್ಕೆ ಸುಳ್ಳು ಹೇಳಿದೆ. ಮಸ್ಕಿಯಲ್ಲಿ ಹತ್ತಿದ ಅಮರೇಶಪ್ಪ ದಸ್ತಿ ನೋಡಿ ಒಂದು ಗಳಿಗೆ ನಿಂತ. ಆಮೇಲೆ ಅದನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು, ಕಾಲು ನೀಡಿ ಕುಳಿತ. ನಾನು ಎರಡೂ ಹಾಳೆಯನ್ನು ಅವನ ತೊಡೆಯ ಮೇಲೆ ಜೋಡಿಸಿಟ್ಟೆ. ಅವನು ಓದಲೇ ಇಲ್ಲ.

"ಗೊತ್ತೈತಿ" ಎಂದ. "ಕಪಾಟಿಗೆ ಹಾಸೋ ಮುಂದ ಶರಣಮ್ಮ ಓದ್ಯಾಳ. ಮಾರನೇ ವಾರನ ನನಗ ಹೇಳಿದ್ಳು. ನಿನಗ ಹೇಳಾಕ ಅಂಜಿದ್ಳು."

ಮತ್ತೆ ನೀನಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಮೊಣಕಾಲು ತಿಕ್ಕಿಕೊಂಡ.

"ಹೇಳಿದ್ರ ನೀ ಪೇಪರಿನ ಸಲುವಾಗಿ ದಸ್ತಿ ಹಾಕ್ತಿದ್ದಿ. ನನ್ನ ಸಲುವಾಗಿ ಹಾಕ್ತೀಯೇನು ಅಂತ ನೋಡಾಕತ್ತಿದ್ದೆ. ನಾ ಏನು ಪೂರಾ ಬಿಟ್ಟಿದ್ದಿಲ್ಲಪಾ. ದಿನಾ ಸಂಜಿಮುಂದ ನೀ ಸೀಟಿನ ತನಕ ಬರೋಮಟ ನನ್ನ ಚೀಲ ತಗದಿಲ್ಲ, ನೋಡಿಲ್ಲೇನು?"

ನೋಡಿದ್ದೆ. ದಿನಾ ನೋಡಿದ್ದೆ. ಅಂಗಿ ಸರಿಮಾಡಿಕೊಂಡದ್ದು, ಚಪ್ಪಲಿ ಸರಿಮಾಡಿಕೊಂಡದ್ದು ಎಲ್ಲ ಒಂದೊಂದಾಗಿ ಕಣ್ಣಮುಂದೆ ಬಂತು. ಏನೇನೋ ಹೇಳಬೇಕೆಂದು ಬಾಯಿ ತೆರೆದವನು, "ಮೊಣಕಾಲು ಹ್ಯಾಂಗದ ಅಮರೇಶಣ್ಣ?" ಎಂದಷ್ಟೇ ಕೇಳಿದೆ.

"ಇವತ್ತು ಪಾಡ ಐತಿ, ನೋವು ಕಡಿಮಿ ದೇವೇಂದ್ರ" ಎಂದ. ರೀ ಇರಲಿಲ್ಲ. ಆಮೇಲೆ ಹಾಳೆಗಳನ್ನು ಕೈಗೆತ್ತಿಕೊಂಡು, ಆ ಕಾರಿಗೆ ಇರುವುದೇ ಎರಡು ಸೀಟು, ಅದರೊಳಗೆ ದಸ್ತಿ ಹಾಸುವ ಕಷ್ಟವಾದರೂ ಇರುವುದಿಲ್ಲ ನೋಡು ಎಂದು ನಗತೊಡಗಿದ. ಲಿಂಗಸುಗೂರಿನವರೆಗೂ ಅದರ ಬಗ್ಗೆಯೇ ಮಾತಾಡಿದೆವು. ಬಸ್ಸಿನ ಸದ್ದಿಗಿಂತ ನಮ್ಮ ಸದ್ದೇ ಜೋರಾಗಿತ್ತು. ಆದರೆ ಅವನು ಒಂದು ಪ್ರಶ್ನೆಯನ್ನು ಕೇಳದೆಯೇ ಬಿಟ್ಟ, ನನ್ನ ಮೇಲಿನ ಕರುಣೆಯಿಂದಲೇ ಬಿಟ್ಟಿರಬೇಕು: ಆ ಹಾಳೆಗಳು ಸಿಗದೇ ಇದ್ದಿದ್ದರೆ ಇವತ್ತಾದರೂ ದಸ್ತಿ ಬೀಳುತ್ತಿತ್ತೇ ಎಂದು. ಮೂರು ಎಣಿಸುವುದರೊಳಗೆ ನೂರು ಮುಟ್ಟುವ ಕಾರಿನ ಪರವಾಗಿ ವಾದಿಸಿದ ನನಗೆ, ಜೇಬಿನೊಳಗಿನ ದಸ್ತಿಯನ್ನು ಪಕ್ಕದ ಸೀಟಿಗೆ ತಲುಪಿಸಲು ಹದಿನೆಂಟು ದಿನ ಹಿಡಿದಿತ್ತು.