ಮಾದರಿ ತಾಯಿಯ ಮಗು

ಬೆಳಗ್ಗೆ ಎಂಟಕ್ಕೆ ಮಗುವಿಗೆ ಬಿಕ್ಕಳಿಕೆ ಬಂತು, ಅಶ್ವಿನಿಯ ನೆಮ್ಮದಿ ಹೋಯಿತು. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಲ್ಲ ಎಂದು ಹಟ ಹಿಡಿದವಳಿಗೆ ಇನ್ನು ಹನ್ನೊಂದೇ ದಿನ ಬಾಕಿ. ಅದರ ಮೇಲೆ, ಇವತ್ತು ತಾವರೆಕೆರೆ ಅಂಗನವಾಡಿಯಲ್ಲಿ ಅವಳಿಗೆ ‘ಮಾದರಿ ತಾಯಿ’ ಅಂತ ಸನ್ಮಾನ. ಈ ಹಾಳು ಬಿಕ್ಕಳಿಕೆಗೆ ಬೇರೆ ದಿನವೇ ಸಿಗಲಿಲ್ಲವೇ?

ಸದ್ದು ಕೇಳಿ ಪಕ್ಕದ ಮನೆ ಕೆಂಚಮ್ಮ ಲೋಟ ಹಿಡಿದೇ ಬಂದಳು. “ಎರಡು ಚಮಚ ಸಕ್ಕರೆ ನೀರು ಕುಡಿಸ್ಬುಡು, ನಿಂತೋಯ್ತದೆ. ನಮ್ಮ ಮಕ್ಳು ಬೆಳೀನಿಲ್ವಾ?”

“ಬ್ಯಾಡ ಕಣಕ್ಕ, ಹಾಲಲ್ಲೇ ಎಲ್ಲಾ ಐತೆ,” ಎಂದು ಅಶ್ವಿನಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಷ್ಟರಲ್ಲಿ ಎದುರು ಮನೆ ಅಮೀರ್ ಬಿ ಜೇನುತುಪ್ಪದಲ್ಲಿ ಬೆರಳು ಅದ್ದಿಕೊಂಡೇ ಬಂದಳು. “ನಾಲಗೆಗೆ ಒಂದು ಚೂರು ಸವರ್ತೀನಿ ಬೇಟಿ, ಯಾರಿಗೂ ಹೇಳಲ್ಲ.” ಬೆರಳು ಮಗುವಿನ ತುಟಿಯ ಹತ್ತಿರ ಬಂದೇಬಿಟ್ಟಿತು. ಬೇರೆ ದಾರಿ ಕಾಣದೆ ಅಶ್ವಿನಿ ಬಗ್ಗಿ ಅದನ್ನು ತಾನೇ ಚೀಪಿಬಿಟ್ಟಳು. ಅಮೀರ್ ಬಿ ತನ್ನ ಬೆರಳನ್ನೇ ನೋಡುತ್ತಾ ನಿಂತಳು.

ಅತ್ತೆ ಸರಸಮ್ಮ ಮಾತ್ರ ಸೊಸೆಯ ಕಡೆ. “ಓದಿರೋ ಹುಡುಗಿ, ಅವಳಿಗೆ ಗೊತ್ತಿರ್ತದೆ. ನಡೀರಮ್ಮ,” ಎಂದು ಇಬ್ಬರನ್ನೂ ಸಾಗಹಾಕಿ, ಎಂದಿನಂತೆ ನೀರು ಹಾಕಲು ಮಗುವನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಂಥ ಅತ್ತೆ ಎಷ್ಟು ಜನಕ್ಕೆ ಸಿಗ್ತಾರೆ ಅಂತ ಅಶ್ವಿನಿಗೆ ಕಣ್ಣು ತುಂಬಿ ಬಂತು.

ಅತ್ತೆಯ ಜೊತೆ ಅಂಗನವಾಡಿಗೆ ಹೊರಟ ಆಟೋದಲ್ಲೂ ಬಿಡುಗಡೆಯಿಲ್ಲ. ಮಗು ಕುಂಯ್ ಅಂದದ್ದೇ ತಡ, ಡ್ರೈವರ್ ಬೈರಪ್ಪ ಗಾಡಿ ನಿಲ್ಲಿಸಿ ಟೀಯಲ್ಲಿ ಅದ್ದಿದ ಬನ್ನು ಚಾಚಿದ. ಅಶ್ವಿನಿ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದೇ ಅಂಗನವಾಡಿ ತಲುಪಿದಳು.

ಅಲ್ಲಿ ಮಗುವನ್ನು ತೂಗಿದರು. ಎಂಟು ಕೆಜಿ. ಸೂಪರ್‌ವೈಸರ್ ಮೇಡಂ ಅಶ್ವಿನಿಗೆ ಶಾಲು ಹೊದಿಸಿ, “ನೋಡಿದ್ರಾ, ಬರೀ ಎದೆಹಾಲಿನ ಮಹಿಮೆ,” ಎಂದರು. ಆಮೇಲೆ ಮೈಕನ್ನು ಸರಸಮ್ಮನ ಮುಂದೆ ಹಿಡಿದು, “ಅಜ್ಜೀ, ನಿಮ್ಮ ಸಹಕಾರ ಹೆಂಗಿತ್ತು?” ಅಂತ ಕೇಳಿದರು.

ಸರಸಮ್ಮ ಸೆರಗು ಸರಿಮಾಡಿಕೊಂಡು ಮೈಕನ್ನು ತಾನೇ ಕೈಗೆ ತೆಗೆದುಕೊಂಡಳು. “ಅವಳ ಕೆಲಸ ಅವಳು ಮಾಡಿದ್ಲು, ನನ್ನ ಕೆಲಸ ನಾನು ಮಾಡ್ದೆ. ಮೂರನೇ ತಿಂಗಳಿಂದ ದಿನಾ ಬಚ್ಚಲಲ್ಲಿ ನೀರು ಹಾಕಿದ ಮ್ಯಾಲೆ ಎರಡು ಒಳಲೆ ರಾಗಿ ಸರಿ ಕುಡಿಸ್ತಿದ್ದೆ. ಆದ್ರೆ ಸೊಸೆ ಮಾತು ಮೀರಿಲ್ಲ ಕಣಮ್ಮ. ಒಂದು ತೊಟ್ಟು ನೀರು ಕೊಡಬ್ಯಾಡಿ ಅಂದಿದ್ಲು, ಅದಕ್ಕೆ ಬರೀ ಹಸು ಹಾಲಲ್ಲೇ ಕಾಸಿದ್ದು.”

ಅಶ್ವಿನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಇಷ್ಟು ದಿನದ ತಪಸ್ಸೆಲ್ಲ ಬಚ್ಚಲು ಪಾಲು. ಮೇಡಂ ಮೈಕಿಗೆ ಕೈ ಹಾಕಿದರು, ಸರಸಮ್ಮ ಬಿಡಲಿಲ್ಲ. ರಾಗಿ ಮೊಳಕೆ ಕಟ್ಟುವುದರಿಂದ ಶುರುಮಾಡಿಯೇಬಿಟ್ಟಳು. ಮುಂದೆ ಕೂತಿದ್ದ ಬಾಣಂತಿಯರೆಲ್ಲ ಮೊಬೈಲ್ ತೆಗೆದು ರೆಕಾರ್ಡ್ ಒತ್ತಿದರು.

ಕೊನೆಗೆ ಒಬ್ಬಳು ಎದ್ದು ಅಶ್ವಿನಿಯ ಹತ್ತಿರವೂ ಬಂದಳು.

“ಅಕ್ಕಾ,” ಎಂದಳು ಮೆತ್ತಗೆ, “ನಿಮ್ಮತ್ತೆ ನಂಬರ್ ಕೊಡ್ತೀರಾ?”