ಬೆಳ್ಳುಳ್ಳಿ ಮುಟ್ಟದ ಮೂಗು

ಅಡುಗೆಮನೆಯಲ್ಲಿ ಅತ್ತೆ ಜೆಫಿರೀನ್ ಬೆಳ್ಳುಳ್ಳಿ ಜಜ್ಜುವ ಸದ್ದು ಕೇಳಿದಾಗಲೇ ಇಲೇರ್‌ಗೆ ಎದೆ ಧಸಕ್ಕೆಂದಿತು. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಶುಕ್ರವಾರದ ಊಟವೆಂದರೆ ಆಯೊಲಿ. ಬೆಳ್ಳುಳ್ಳಿಯನ್ನು ಒರಳಿನಲ್ಲಿ ನುಣ್ಣಗೆ ಅರೆದು, ಮೊಟ್ಟೆಯ ಹಳದಿ, ಆಲಿವ್ ಎಣ್ಣೆ ಸೇರಿಸಿ ಬೆಣ್ಣೆಯಂತೆ ತಿರುವಿ, ಬೇಯಿಸಿದ ಉಪ್ಪುಮೀನಿನ ಜೊತೆ ಬಡಿಸುವ ಆ ಗೊಜ್ಜನ್ನು ಬೇಡವೆಂದ ಗಂಡಸು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇವತ್ತು ಹುಟ್ಟಲೇಬೇಕಿತ್ತು.

ಇಲೇರ್ ಊರಿನ ಸುಗಂಧ ಕಾರ್ಖಾನೆಯೊಂದರಲ್ಲಿ ಪ್ರವಾಸಿಗರಿಗೆ ಹೂವಿನ ಸಾರ ಇಳಿಸುವ ತಾಮ್ರದ ಹಂಡೆಗಳನ್ನು ತೋರಿಸುವವನು. ಹಂಡೆಗಳ ಹಿಂದಿನ ಬಾಗಿಲಾಚೆ, ಹೊಸ ಪರಿಮಳಗಳು ಹುಟ್ಟುವ ಪ್ರಯೋಗಾಲಯಕ್ಕೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಆದರೂ ತನ್ನ ಮೂಗಿನ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಡೆಗೆ ಅಲ್ಲಿನ ಮುಖ್ಯಸ್ಥೆ ಮದಾಮ್ ರೆಬೊ ಶಿಷ್ಯನಾಗಿ ಸೇರಿಸಿಕೊಳ್ಳಿ ಎಂಬ ಇವನ ಕಾಟ ತಾಳಲಾರದೆ, "ಶುಕ್ರವಾರ ಮೂರು ಗಂಟೆಗೆ ಬಾ. ಮೂಗು ಸರಿಯಿದ್ರೆ ನೀನು ನನ್ನ ಶಿಷ್ಯ. ಇಲ್ದಿದ್ರೆ ಇನ್ನು ಆ ಮಾತು ಎತ್ತಬಾರದು," ಎಂದಿದ್ದರು. ಅಲ್ಲಿಯ ನಿಯಮ ಊರಿಗೆಲ್ಲ ಗೊತ್ತು: ಒಳಗೆ ಬರುವವರು ಸೆಂಟು ಹಚ್ಚಿರಬಾರದು, ಬೆಳ್ಳುಳ್ಳಿ ತಿಂದಿರಬಾರದು.

"ಅತ್ತೆ, ಇವತ್ತು ನಂಗೆ ಬರೀ ಬ್ರೆಡ್ ಸಾಕು."

ಅತ್ತೆಯ ಮುಖ ಗಂಟಾಯಿತು. "ಯಾಕೆ ಅಳಿಯಂದ್ರೆ, ನಮ್ಮನೆ ಒರಳಿಗೆ ವಿಷ ಸವರಿದೀವಾ?"

"ಮೂಗಿನ ಪರೀಕ್ಷೆ ಇದೆ ಅಂದಿದ್ನಲ್ಲ."

"ನಮ್ಮ ಯಜಮಾನ್ರು ಸಾಯೋವರೆಗೂ ಆಯೊಲಿ ತಿಂದ್ರು. ಅವರ ಮೂಗೇನು ಉದುರಿ ಬೀಳಲಿಲ್ಲ."

"ಒಂದು ಚೂರು ನೆಕ್ಕಿಬಿಡ್ರೀ, ಮನೇಲಿ ಶಾಂತಿ ಇರುತ್ತೆ," ಎಂದು ಹೆಂಡತಿ ಒದೀಲ್ ಕಿವಿಯಲ್ಲಿ ಗೋಗರೆದಳು. ಇಲೇರ್ ಜಗ್ಗಲಿಲ್ಲ. ಒಣ ಬ್ರೆಡ್ಡನ್ನು ನೀರಿನ ಜೊತೆ ನುಂಗಿ ಎದ್ದ.

ಓಣಿಗಿಳಿದರೆ ಅಲ್ಲಿ ಇನ್ನೊಂದು ಗಂಡಾಂತರ. ಎದುರಾದವರ ಎರಡೂ ಕೆನ್ನೆಗೆ ಮುತ್ತಿಡದೆ ಮುಂದೆ ಹೋಗುವವರು ಆ ಊರಲ್ಲಿಲ್ಲ. ಶುಕ್ರವಾರ ಮಧ್ಯಾಹ್ನದ ಮುತ್ತುಗಳಂತೂ ಒಂದೊಂದೂ ಬೆಳ್ಳುಳ್ಳಿಯ ಎಸಳೇ. ಮಾಂಸದಂಗಡಿಯ ಬಾರ್ತೆಲೆಮಿ ತೋಳು ಚಾಚಿ ಬಂದ. ಇಲೇರ್ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದ.

"ದಮ್ಮಯ್ಯ, ಹತ್ರ ಬರಬೇಡ. ಅತ್ತೆ ಆಯೊಲಿನೇ ಬೇಡ ಅಂದು ಬಂದಿದೀನಿ."

"ಅತ್ತೆ ಮಾಡಿದ್ದು ತಿನ್ನಲ್ಲ, ಸ್ನೇಹಿತನಿಗೆ ಕೆನ್ನೆ ಕೊಡಲ್ಲ. ಏನಯ್ಯಾ, ಊರು ಬಿಟ್ಟು ಹೋಗ್ತಿದೀಯಾ?"

ಬಾರ್ತೆಲೆಮಿಯ ಬಾಯಿಗೆ ಬಿದ್ದ ಮಾತು ಇಲೇರ್‌ಗಿಂತ ಮೊದಲೇ ಓಣಿಯ ಕೊನೆ ಮುಟ್ಟಿತು. ಕಾರಂಜಿಯ ಬಳಿ ಹೂ ಮಾರುವ ತೆಕ್ಲ್ ಅಜ್ಜಿ ಅವನ ಕೋಟಿನ ತೋಳು ಹಿಡಿದಳು. "ಚಿನ್ನದಂಥ ಹೆಂಡ್ತಿನ ಬಿಟ್ಟು ಯಾರ ಹಿಂದೆ ಓಡ್ತಿದೀಯೋ?" ಕೊಸರಿಕೊಂಡ ರಭಸಕ್ಕೆ ಹೊಲಿಗೆ ಬಿಚ್ಚಿ ತೋಳು ಅಜ್ಜಿಯ ಕೈಯಲ್ಲೇ ಉಳಿಯಿತು. ಇಲೇರ್ ಊರೆಲ್ಲ ಬಳಸಿ, ಮುತ್ತುಗಳಿಂದ ತಪ್ಪಿಸಿಕೊಂಡು, ಹಸಿದ ಹೊಟ್ಟೆಯಲ್ಲಿ ಕಾರ್ಖಾನೆ ಸೇರಿದ. ಕೋಟು ಹರಿದರೇನಂತೆ, ಮೂಗು ಶುದ್ಧವಾಗಿತ್ತು.

ಹಿಂಬಾಗಿಲು ತೆರೆಯಿತು. ಅರ್ಧಚಂದ್ರದಂತೆ ಬಾಗಿದ ಮೆಟ್ಟಿಲು ಕಪಾಟಿನಲ್ಲಿ ನೂರಾರು ಪುಟ್ಟ ಸೀಸೆಗಳು, ಮಧ್ಯೆ ಒಂದು ತಕ್ಕಡಿ. ಮದಾಮ್ ರೆಬೊ, ಕಾರ್ಖಾನೆಯ ಮಾಲೀಕರು, ಪ್ಯಾರಿಸ್‌ನಿಂದ ಬಂದ ದೊಡ್ಡ ಗಿರಾಕಿ ಮೂವರೂ ಆಗಷ್ಟೇ ಊಟ ಮುಗಿಸಿ ಬಂದು ಕೂತಿದ್ದರು. ಮದಾಮ್ ಕಾಗದದ ಪಟ್ಟಿಯೊಂದನ್ನು ಸೀಸೆಯಲ್ಲಿ ಅದ್ದಿ, ಬಾಯಿಂದ ಉಫ್ ಎಂದು ಊದಿ ಅವನ ಕೈಗಿತ್ತರು.

"ಗುಲಾಬಿ," ಎಂದ ಇಲೇರ್. "ಮೇ ತಿಂಗಳದು. ಅದರ ಕೆಳಗೆ ಮಲ್ಲಿಗೆ. ಇನ್ನೂ ಕೆಳಗೆ ಗಂಧದ ಚಕ್ಕೆ."

ಗಿರಾಕಿಯ ಹುಬ್ಬೇರಿತು. ಮದಾಮ್ ಮುಖ ಅರಳಿತು. "ಭೇಷ್. ಇನ್ನೇನಾದ್ರೂ ಇದೆಯಾ?"

ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದ. ಮತ್ತೆ ಮೂಸಿದ. ಓಹೋ, ನನ್ನನ್ನು ಸಿಕ್ಕಿಸಲೆಂದೇ ಹಾಕಿದ್ದಾರೆ ಎಂದು ಒಳಗೊಳಗೇ ನಕ್ಕ.

"ಇದೆ ಮದಾಮ್. ಬೆಳ್ಳುಳ್ಳಿ. ಧಾರಾಳವಾಗಿದೆ."

ಮದಾಮ್ ಪಟ್ಟಿಯನ್ನು ಮೂಸಿ ಮಾಲೀಕರಿಗೆ ಕೊಟ್ಟರು. ಮಾಲೀಕರು ಮೂಸಿ ಗಿರಾಕಿಗೆ ಕೊಟ್ಟರು. ಮೂವರೂ ಇಲ್ಲವೆಂದು ತಲೆಯಾಡಿಸಿದರು.

"ಮೂರು ಮೂಗಿಗೆ ಸಿಗದ ಬೆಳ್ಳುಳ್ಳಿ ನಿನಗೊಬ್ಬನಿಗೇ ಸಿಕ್ತು ಅಂದ್ರೆ ಅದು ಇರೋದು ನಿನ್ನ ಬಾಯಲ್ಲಿ," ಎಂದರು ಮದಾಮ್. "ಆಯೊಲಿ ತಿಂದು ನನ್ನ ಕೋಣೆಗೆ ಬರ್ತೀಯಾ?"

"ಬೆಳಗಿಂದ ಬರೀ ಬ್ರೆಡ್ ತಿಂದಿದೀನಿ ಮದಾಮ್."

"ಹೋಗು, ಹಂಡೆ ತೋರಿಸು."

ಇಲೇರ್ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ನಡೆದದ್ದನ್ನೆಲ್ಲ ಹೇಳಿ, "ಅತ್ತೆ, ಆ ಆಯೊಲಿ ಹಾಕಿ. ಹೇಗೂ ತಿಂದೆ ಅಂತ ಅನ್ನಿಸ್ಕೊಂಡು ಬಂದಿದೀನಿ," ಎಂದ.

"ಎಲ್ಲಿಂದ ಹಾಕ್ಲಿ? ನೀವು ಹೊರಟ ಹಿಂದೇನೇ ನಿಮ್ಮ ಕಾರ್ಖಾನೆ ಅಡುಗೆಯವನು ಓಡಿ ಬಂದ. ಪ್ಯಾರಿಸ್‌ನವರು ಆಯೊಲಿ ಬೇಕೇ ಬೇಕು ಅಂದ್ರಂತೆ, ಅವನು ಮಾಡಿದ್ದು ಒಡೆದು ನೀರಾಗಿತ್ತಂತೆ. ನಿಮ್ಮ ಪಾಲನ್ನ ಒರಳು ಸಮೇತ ಕೊಟ್ಟು ಕಳಿಸ್ದೆ. ಒರಳು ವಾಪಸ್ ತಂದಾಗ ಅವನೇ ಹೇಳ್ದ, ಮಾಲೀಕರ ಮಾತು ಮೀರೋಕಾಗದೆ ಮದಾಮ್ ರೆಬೊನೂ ತಿಂದ್ರಂತೆ. ಅದೂ ಮೂರು ಸಲ ಹಾಕಿಸ್ಕೊಂಡು."

ಅತ್ತೆಯ ಮುಖದ ಗಂಟು ಈಗ ಪೂರ್ತಿ ಬಿಚ್ಚಿತ್ತು.

"ಬೆಳ್ಳುಳ್ಳಿ ತಿಂದೋರಿಗೆ ಬೆಳ್ಳುಳ್ಳಿ ವಾಸನೆ ಎಲ್ಲಿ ಬರುತ್ತೆ ಅಳಿಯಂದ್ರೆ? ನನ್ನ ಮಾತು ಕೇಳಿ ನೀವೂ ಎರಡು ತುತ್ತು ತಿಂದಿದ್ರೆ, ಗುಲಾಬಿ ಅಂತ ಹೇಳಿ ಸುಮ್ಮನಾಗ್ತಿದ್ರಿ. ಇಷ್ಟೊತ್ತಿಗೆ ಅವರ ಶಿಷ್ಯ ಆಗಿರ್ತಿದ್ರಿ," ಎನ್ನುತ್ತ ಮಧ್ಯಾಹ್ನ ಉಳಿದಿದ್ದ ಒಣ ಬ್ರೆಡ್ಡನ್ನು ಅವನ ಮುಂದಿಟ್ಟರು.