ಶಾಲು ಹೊದ್ದವರಿಗೆ ಮೊದಲ ಬುಟ್ಟಿ

"ನೋಡು ಮಹಾನಂದಾ! ಇನ್ನ ಮ್ಯಾಲೆ ನೆರಿ ಬಂದ ಊರಾಗ ಒಬ್ಬರೂ ಹಸಕೊಂಡು ಕಾಯಂಗಿಲ್ಲ!" ಎಂದು ವಿರುಪಾಕ್ಷಪ್ಪ ಕಬ್ಬಿಣದ ಬೀರುವಿನ ಬಾಗಿಲು ತೆರೆದು ತೋರಿಸಿದ.

ಮಹಾನಂದಾ ನೋಡಿದಳು. ತವರಿನವರು ಮದುವೆಯಲ್ಲಿ ಕೊಟ್ಟ ಬೀರು ಅದು. ಸೀರೆ ಇಡುತ್ತಿದ್ದ ಜಾಗದಲ್ಲೆಲ್ಲ ವೈರು, ಬಲ್ಬು, ಗುಂಯ್‌ಗುಡುವ ಪೆಟ್ಟಿಗೆಗಳು. ಗಂಡ ಪಾಲಿಟೆಕ್ನಿಕ್ಕಿನಿಂದ ನಿವೃತ್ತನಾದ ಮೇಲೆ ಮನೆಯ ಒಂದು ಸಾಮಾನೂ ತನ್ನ ಪಾಡಿಗೆ ತಾನು ಇದ್ದದ್ದಿಲ್ಲ. ರೊಟ್ಟಿ ಬಡಿಯುವ ಯಂತ್ರ ಮಾಡಿದಾಗ ಅದು ಮೊದಲು ಬಡಿದದ್ದು ಅವನನ್ನೇ!

ಈ ಸಲ ಮಾತ್ರ ಅವಳಿಗೆ ನಗು ಬರಲಿಲ್ಲ. ಹೊಳೆ ಉಕ್ಕಿ ಕಡ್ಲಿಹಾಳ ಮುಳುಗಿತ್ತು. ಅವಳ ಅಕ್ಕ ಚಂದ್ರವ್ವ, ಮೂರು ವರ್ಷದ ಮೊಮ್ಮಗನನ್ನು ಕಟ್ಟಿಕೊಂಡು, ಊರವರ ಜೊತೆ ಶಾಲೆಯ ಮಾಳಿಗೆಯ ಮೇಲೆ ಕೂತಿದ್ದಳು. ಮಗುವಿಗೆ ಜ್ವರ. ಹೊಳೆ ನೀರು ಕುಡಿಸಿದರೆ ವಾಂತಿ.

ಇತ್ತ ಎಪಿಎಂಸಿ ಗೋದಾಮಿನಲ್ಲಿ ಊರ ಹೆಂಗಸರು ಬಡಿದುಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ, ಕಂಬಳಿ ಎಲ್ಲ ತೊಲೆ ಮುಟ್ಟುವಷ್ಟು ಬಿದ್ದಿದ್ದವು. ಟ್ರ್ಯಾಕ್ಟರುಗಳೂ ಸಾಲಾಗಿ ನಿಂತಿದ್ದವು. ಆದರೆ ತಹಶೀಲ್ದಾರರದು ಒಂದೇ ಮಾತು: "ಮಂತ್ರಿ ಸಾಹೇಬರು ಹಸಿರು ನಿಶಾನಿ ತೋರಿಸೂತನಕ ಒಂದು ರೊಟ್ಟಿನೂ ಹೊರಗ ಹೋಗಂಗಿಲ್ರೀ ಅಕ್ಕಾರ!"

ಹಾಗಾಗಿ ಗಂಡನ ಬೀರುವೇ ಗತಿ ಎಂದುಕೊಂಡು ಅವಳು ಕೇಳಿದಳು: "ಖರೇ ಸಂತ್ರಸ್ತರು ಯಾರಂತ ಇದಕ್ಕ ಹ್ಯಾಂಗ ತಿಳೀತದ್ರೀ?"

"ನಾ ಏನೂ ಹೇಳಿಲ್ಲ. ತಾನ ಕಲ್ತದ! ಪರಿಹಾರ ಹಂಚಿದ್ದು ಪೇಪರಿನ್ಯಾಗ ಎಷ್ಟು ಫೋಟೋ ಬಂದಾವೋ ಅಷ್ಟೂ ತೋರಿಸೀನಿ. ಒಬ್ಬಾಂವ ಕೈ ಮುಗಿದು ನಿಂತಿರ್ತಾನ, ಯಾರೋ ಅವನ ಹೆಗಲಿಗೆ ಕಂಬಳಿ ಹೊದಿಸ್ತಿರ್ತಾರ, ಸುತ್ತ ಮಂದಿ. ಅಂವನ ಸಂತ್ರಸ್ತ! ಅಂಥವರು ಕಂಡಲ್ಲಿ ನನ್ನ ಬುಟ್ಟಿ ಹಾರಿ ಹೋಗಿ ಸಾಮಾನು ಇಳಸ್ತಾವು."

"ಫೋಟೋದಾಗ ಸಿಗದವರು?"

"ನೀ ನಡುವ ಬಾಯಿ ಹಾಕಬ್ಯಾಡ!"

ಹನ್ನೆರಡು ಬಿದಿರಿನ ಬುಟ್ಟಿಗಳು ಫ್ಯಾನಿನ ರೆಕ್ಕೆ ಕಟ್ಟಿಕೊಂಡು, ಒಂದೊಂದು ಗಾಜಿನ ಕಣ್ಣು ಬಿಟ್ಟುಕೊಂಡು ಸಜ್ಜಾಗಿ ಕೂತಿದ್ದವು. ಆದರೆ ಇದರ ಉದ್ಘಾಟನೆಯೂ ಸಾಹೇಬರಿಂದಲೇ ಆಗಬೇಕೆಂದು ತಹಶೀಲ್ದಾರರು ಬೀರುವನ್ನೂ ಬುಟ್ಟಿಗಳನ್ನೂ ಗೋದಾಮಿಗೆ ತರಿಸಿ ಕಾಯಿಸಿದರು.

ಮಂತ್ರಿಗಳು ಬಂದದ್ದು ಮಾರನೆಯ ದಿನ ಮಧ್ಯಾಹ್ನ, ಊಟ ಮುಗಿಸಿಕೊಂಡು. ನಿಶಾನೆ ಅಲುಗಿತು; ಬುಟ್ಟಿಗಳೇ ಮೊದಲು ಎಂದು ಟ್ರ್ಯಾಕ್ಟರುಗಳನ್ನು ತಡೆದು ನಿಲ್ಲಿಸಿದರು. ವಿರುಪಾಕ್ಷಪ್ಪ ಗುಂಡಿ ಒತ್ತಿದ. ಬುಟ್ಟಿಗಳು ಭರ್ರೆಂದು ಎದ್ದವು. ಚಪ್ಪಾಳೆಯೋ ಚಪ್ಪಾಳೆ! ಅದೇ ಗಳಿಗೆಗೆ ವೇದಿಕೆಯ ಮೇಲೆ ತಹಶೀಲ್ದಾರರು ಮಂತ್ರಿಗಳಿಗೆ ಶಾಲು ಹೊದಿಸಿದರು. ಮಂತ್ರಿಗಳು ಕೈ ಮುಗಿದರು. ಸುತ್ತ ಮಂದಿ ಮುತ್ತಿಕೊಂಡರು.

ಬೀರು ಟಿಣ್ ಎಂದಿತು. ಹೊಳೆಯ ಮೇಲೆ ಸುತ್ತಿ ಹುಡುಕುವ ಒಂದನ್ನು ಬಿಟ್ಟು, ಹೊರಟಿದ್ದ ಬುಟ್ಟಿಗಳೆಲ್ಲ ಗರ್ರನೆ ತಿರುಗಿದವು!

ಮೊದಲನೆಯದು ಶಾಲಿನ ಮೇಲೆ ಕಂಬಳಿ ಹಾಕಿತು. "ಯಂತ್ರನೂ ಸನ್ಮಾನ ಮಾಡ್ತದ!" ಎಂದು ತಹಶೀಲ್ದಾರರು ಆನಂದದಿಂದ ಕಣ್ಣೊರೆಸಿಕೊಂಡರು. ಎರಡನೆಯದು ಖಡಕ್ ರೊಟ್ಟಿ ಸುರಿಯಿತು; ಮಂತ್ರಿಗಳ ತಲೆಯ ಪಟಗದ ತುಂಬ ರೊಟ್ಟಿ ಚೂರು. ಮೂರನೆಯದು ಸೊಳ್ಳೆಪರದೆ ಇಳಿಬಿಟ್ಟಿತು. ನಾಲ್ಕನೆಯದು ಬ್ಲೀಚಿಂಗ್ ಪುಡಿ!

"ಸಾಕ್ರೀ, ಸಾಕು!" ಎಂದು ಮಂತ್ರಿಗಳು ಪರದೆಯೊಳಗಿಂದಲೇ ಕೈ ಮುಗಿದು ಬೇಡಿಕೊಂಡರು. ಕೈ ಮುಗಿದದ್ದನ್ನು ಕಂಡು ಬೀರುವಿಗೆ ಇನ್ನಷ್ಟು ಮರುಕ ಹುಟ್ಟಿತು. ಕಾರು ಹತ್ತಿ ಪ್ರವಾಸಿ ಮಂದಿರಕ್ಕೆ ಓಡಿದರೆ, ಅಲ್ಲಿ ಸಾಹೇಬರನ್ನು ಸಮಾಧಾನ ಮಾಡಲು ಕಾರ್ಯಕರ್ತರು ಮತ್ತೊಂದು ಶಾಲು ಹೊದಿಸಿದರು. ಬುಟ್ಟಿಗಳು ಗೋದಾಮಿಗೂ ಪ್ರವಾಸಿ ಮಂದಿರಕ್ಕೂ ಎಡತಾಕಿದವು!

"ಬಂದ್ ಮಾಡ್ರೀ ಅದನ್ನ!" ಎಂದು ಮಹಾನಂದಾ ಚೀರಿದಳು. ವಿರುಪಾಕ್ಷಪ್ಪ ಗುಂಡಿಗೆ ಕೈ ಹಾಕಿದ. ತಹಶೀಲ್ದಾರರು ಆ ಕೈ ಹಿಡಿದರು.

"ಸಾಹೇಬರು ಉದ್ಘಾಟನಾ ಮಾಡ್ಯಾರ! ಇವತ್ತ ಬಂದ್ ಮಾಡಿದ್ರ ನಾಳಿ ಪೇಪರಿನ್ಯಾಗ ಏನ್ ಬರ್ತದ? ನಡೀಲಿ!"

 ಮಹಾನಂದಾ ಒಲೆಯ ಮುಂದೆ ಬೆವರಿಳಿಸಿ ಬಡಿದ ರೊಟ್ಟಿ, ಉಂಡು ಬಂದವರ ಅಂಗಳದಲ್ಲಿ ಬಿದ್ದು ಪುಡಿಯಾಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಫೋನು.

"ತಂಗೀ, ರೊಟ್ಟಿ ಹೊರಟ್ವೇನು? ಕೂಸು ಕಣ್ಣ ತಗಿಯವಲ್ದು. ಮ್ಯಾಲೆ ಒಂದು ಬುಟ್ಟಿ ಸುತ್ತ ಹೊಡದು ನೋಡಿ ಹೋತು, ಏನೂ ಕೊಡಲಿಲ್ಲ."

ಮಹಾನಂದಾಳಿಗೆ ಥಟ್ಟನೆ ಹೊಳೆಯಿತು. "ಅಕ್ಕಾ, ಅದು ಮತ್ತ ಬರ್ತದ. ಬಂದಾಗ ಯಾರಿಗರ ಶಾಲು ಹೊದಿಸಿ ಸನ್ಮಾನ ಮಾಡ್ರಿ!"

"ಏನಂದಿ? ಹಸದು ಸಾಯಾಕ ಹತ್ತೀವಿ, ನಿನಗ ಚ್ಯಾಷ್ಟಿ!"

"ನಿನ್ನ ಕಾಲಿಗೆ ಬೀಳ್ತೀನಿ, ಮಾಡವಾ!"

ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆಂದು ಕತ್ತರಿಸಿಟ್ಟ ಬಣ್ಣದ ಕಾಗದದ ಮಾಲೆಗಳಿದ್ದವು. ಒದ್ದೆ ಚಾದರವೇ ಶಾಲು. ಮೊದಲ ಸನ್ಮಾನ ಯಾರಿಗೆ ಎಂಬುದಕ್ಕೆ ಅಲ್ಲೂ ಜಗಳ! "ನಾ ಪಂಚಾಯ್ತಿ ಮಾಜಿ ಸದಸ್ಯ ಇದೀನಿ, ನನ್ನ ಬಿಟ್ಟು ಹ್ಯಾಂಗ?" ಎಂದು ಒಬ್ಬ ಗಂಟುಬಿದ್ದ. ಎಲ್ಲವೂ ಫೋನಿನಲ್ಲಿ ಮಹಾನಂದಾಳಿಗೆ ಕೇಳುತ್ತಿತ್ತು. ಕೊನೆಗೆ ಚಂದ್ರವ್ವನೇ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಕೈ ಮುಗಿದು ನಿಂತಳು; ಊರವರು ಸುತ್ತುಗಟ್ಟಿ ಚಾದರ ಹೊದಿಸಿದರು. ಬುಟ್ಟಿ ಬಂದು ನೋಡಿತು.

ಗೋದಾಮಿನಲ್ಲಿ ಬೀರು ಟಿಣ್ ಎಂದಿತು! ಮಹಾನಂದಾ ಕುಣಿಯುವುದೊಂದು ಬಾಕಿ. ಆದರೆ ತಿರುಗಿ ನೋಡುತ್ತಾಳೆ, ಗೋದಾಮು ಬರಿದು! ಉಳಿದದ್ದು ಮೂಲೆಯ ಒಂದೇ ರಾಶಿ: ಮಂತ್ರಿಗಳ ಹಿಂಬಾಲಕರ ಸನ್ಮಾನಕ್ಕೆಂದು ತರಿಸಿದ್ದ ಶಾಲು, ಗಂಧದ ಹಾರ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿಗಳು. ಯಂತ್ರ ಅವನ್ನೇ ಹೊತ್ತುಕೊಂಡು ಹೋಯಿತು.

"ಕೂಸಿಗೆ ಮೋಸಂಬಿ ಹಿಂಡಿ ಹಾಕಿದೆ, ಕಣ್ಣ ತಗದೈತಿ," ಎಂದು ಚಂದ್ರವ್ವ ಸಂಜೆ ಫೋನು ಮಾಡಿದಳು. "ಎಲ್ಲಾರೂ ಒಂದೊಂದು ಹೋಳು ಸೇಬು ತಿಂದ್ವಿ. ಚಳಿ ಅಂತ ಶಾಲು ಹೊದ್ದೀವಿ. ನಾಳಿಗರ ರೊಟ್ಟಿ, ನೀರು ಕಳಸವಾ."

ಕಳಿಸಬಹುದಿತ್ತು. ಪ್ರವಾಸಿ ಮಂದಿರದ ಅಂಗಳದಿಂದ ಚೀಲ, ಬಾಟಲಿಗಳನ್ನು ಆರಿಸಿ ಮಹಾನಂದಾ ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ತುಂಬಿಸಿದ್ದಳು. ತಹಶೀಲ್ದಾರರು ಅಡ್ಡ ಬಂದು, ಬುಟ್ಟಿಯ ಗಾಜಿನ ಕಣ್ಣು ಸೆರೆಹಿಡಿದಿದ್ದ ಫೋಟೋ ತೋರಿಸಿದರು. ಮಾಳಿಗೆಯ ತುಂಬ ಜನ, ಎಲ್ಲರ ಹೆಗಲಿಗೂ ಶಾಲು, ಕೆಲವರ ಕೊರಳಲ್ಲಿ ಗಂಧದ ಹಾರ, ಕೈಯಲ್ಲಿ ಸೇಬು.

"ನೀವ ನೋಡ್ರೀ ಅಕ್ಕಾರ! ಹಾರ ಹಾಕ್ಕೊಂಡು ಸೇಬು ತಿನ್ನಾಕ ಹತ್ತಾರ. ಇವರು ಸಂತ್ರಸ್ತರೇನು? ಕಡ್ಲಿಹಾಳ ಬಿಟ್ಟು ಬಿಡ್ರಿ. ಸಾಹೇಬರಿಗೆ ಹೇಳಿ ಆಗೇದ."

 ಮಹಾನಂದಾ ಒಂದು ರೊಟ್ಟಿ ಚೀಲವನ್ನು ತಾನೇ ಹೆಗಲಿಗೇರಿಸಿ, ನೀರಿನ ಬಾಟಲಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹರಗೋಲಿನವನನ್ನು ಹುಡುಕಲು ಹೊಳೆಯ ಕಡೆ ಹೊರಟಳು. ಗೋದಾಮಿನ ಬಾಗಿಲಲ್ಲಿ ವಿರುಪಾಕ್ಷಪ್ಪ, ಅಳುಮೋರೆ ಮಾಡಿಕೊಂಡು, ಬೀರುವಿನ ಮೇಲೆ ಸುತ್ತಿಗೆ ಎತ್ತಿದ್ದ.

"ಅದನ್ಯಾಕ ಒಡೀತೀರಿ?" ಎಂದಳು ಮಹಾನಂದಾ. "ಅದಕ್ಕ ತಪ್ಪು ಕಲಿಸಿದ್ವಿ, ತಪ್ಪು ಮಾಡ್ತು. ಮತ್ತ ಕಲಿಸಿದ್ರ ಕಲೀತದ, ಬಿಡ್ರಿ."